ಕಿರಿಯರ ಮಿತವ್ಯಯ, ಊರಿನ ಹೊಣೆ

ಬಡಾವಣೆಗಳಿಗೆ ಹಿರಿಯರ ಹೆಸರನ್ನಿಡುವುದು ಸುಲಭ. ಆ ಹೆಸರಿಗೆ ತಕ್ಕಂತೆ ಬಾಳುವುದು ಕಷ್ಟ. ಶಿವಮೊಗ್ಗೆಯ ಒಂದು ದೊಡ್ಡ ಬಡಾವಣೆಗೆ ವಿನೋಬನಗರವೆಂದು ಹೆಸರು. ೧೯೫೧ರ ಏಪ್ರಿಲ್ ೧೮ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಿಯಿಲ್ಲದವರ ಪರವಾಗಿ ಕೈಚಾಚಿ ನೂರು ಎಕರೆ ದಾನ ಪಡೆದು, ಅಲ್ಲಿಂದ ಮುಂದೆ ಹತ್ತು ವರ್ಷಗಳಿಗೂ ಮಿಕ್ಕಿ ಈ ದೇಶವನ್ನು ಕಾಲ್ನಡೆಯಲ್ಲಿಯೇ ಸುತ್ತಿದ ವಿನೋಬಾ ಭಾವೆಯವರ ಹೆಸರು ಅದು. ೧೯೫೭ರಲ್ಲಿ ಅವರು ಕನ್ನಡ ನಾಡಿಗೂ ನಡೆದು ಬಂದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತು ಚರಿತ್ರೆಗೆ ಸೇರಿದೆ. ಅಂಥ ನಡಿಗೆಯ ಸಂತನ ಹೆಸರನ್ನು ಹೊತ್ತ ಬಡಾವಣೆಯ ನೂರಡಿ ರಸ್ತೆಯಲ್ಲಿಯೂ ಪೊಲೀಸ್ ಚೌಕಿಯ ಸುತ್ತಿನಲ್ಲಿಯೂ ಸಂಜೆಯ ಹೊತ್ತು ವಾಹನಗಳ ನಡುವೆ ಕಾಲಿಡಲು ಜಾಗ ಹುಡುಕಬೇಕಾದ ಸ್ಥಿತಿ ಇಂದಿನದು. ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಬೆಳೆದ ಊರುಗಳೆಲ್ಲ ಹೀಗೆಯೇ ಆಗಿವೆ. ಆದರೆ ಆ ಹೆಸರು ನೆನಪಿಸುವ ಒಂದು ಪ್ರಶ್ನೆಯನ್ನು ನಮ್ಮ ಕಿರಿಯರಲ್ಲಿ ಕೆಲವರು ಈಗ ತಾವಾಗಿಯೇ ಕೇಳತೊಡಗಿದ್ದಾರೆ: ಒಬ್ಬ ಮನುಷ್ಯ ಬಾಳುವುದಕ್ಕೆ ಎಷ್ಟು ಬೇಕು?

ಇಂಥವರ ಸಂಖ್ಯೆ ದೊಡ್ಡದಲ್ಲ. ಆದರೆ ಕಣ್ಣಿಟ್ಟು ನೋಡುವವರಿಗೆ ಪ್ರತಿ ಶಾಲೆಯಲ್ಲಿಯೂ ಒಬ್ಬಿಬ್ಬರು ಸಿಕ್ಕಾರು. ಹದಿನೈದು ಹದಿನಾರರ ವಯಸ್ಸು. ಅಂಗಡಿಗೆ ಬಟ್ಟೆಯ ಚೀಲವನ್ನು ಒಯ್ಯುತ್ತಾರೆ. ಮನೆಯಿಂದ ನೀರು ಕೊಂಡೊಯ್ಯುತ್ತಾರೆ. ಸ್ಕೂಟರು ಬೇಡವೆಂದು ಸೈಕಲ್ ತುಳಿಯುತ್ತಾರೆ. ಹುಟ್ಟುಹಬ್ಬಕ್ಕೆ ಹೊಸ ಬಟ್ಟೆ ಬೇಡವೆಂದು ಹೇಳಿ ತಾಯಿತಂದೆಯರನ್ನು ಬೆರಗುಗೊಳಿಸುತ್ತಾರೆ. ಈ ಬಗೆಯ ಬಾಳಿಗೆ ಅವರ ಪಠ್ಯಪುಸ್ತಕಗಳು ‘ಸುಸ್ಥಿರ ಜೀವನ’ವೆಂಬ ಹೆಸರನ್ನು ಕೊಟ್ಟಿವೆ. ನಮ್ಮ ಹಿಂದಿನವರು ಇದನ್ನೇ ಹಿತಮಿತವೆಂದು ಕರೆಯುತ್ತಿದ್ದರು. ಹೆಸರು ಯಾವುದಾದರೂ ಆಗಲಿ, ಆ ಹುಡುಗಿಗೋ ಹುಡುಗನಿಗೋ ಮನೆಯಲ್ಲಿ ಸಿಗುವ ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ. “ನಿನ್ನೊಬ್ಬಳಿಂದ ಲೋಕ ಉದ್ಧಾರವಾಗುತ್ತದೆಯೇ?” ಎಂದು ತಂದೆ ನಗುತ್ತಾರೆ. “ನಮಗೇನು ಬಡತನ ಬಂದಿದೆಯೇ?” ಎಂದು ತಾಯಿ ನೊಂದುಕೊಳ್ಳುತ್ತಾರೆ. “ಮೊದಲು ಪರೀಕ್ಷೆಗೆ ಓದಿಕೋ” ಎಂಬುದು ಉಳಿದವರೆಲ್ಲರ ತೀರ್ಪು.

ಈ ಮೂರು ಮಾತುಗಳನ್ನೂ ನಾವು ತುಸು ಪರಿಶೀಲಿಸಬೇಕಾಗಿದೆ. ಅವು ಕೇವಲ ಮನೆಯ ಮಾತುಗಳಲ್ಲ. ಒಂದು ಸಮಾಜ ತನ್ನ ಮಕ್ಕಳಿಗೆ ಕೊಡುವ ಉತ್ತರಗಳು.

ಬಡತನದ ಮಾತನ್ನೇ ಮೊದಲು ನೋಡೋಣ. ಒಂದು ತಲೆಮಾರು ಕೊರತೆಯಲ್ಲಿ ಬೆಳೆಯಿತು. ಹರಿದ ಸೀರೆ ಕೌದಿಯಾಯಿತು. ಸವೆದ ಕೌದಿ ಒರಸು ಬಟ್ಟೆಯಾಯಿತು. ಬಚ್ಚಲಿನ ನೀರು ಹಿತ್ತಲ ಬಾಳೆಯ ಬುಡಕ್ಕೆ ಹೋಯಿತು. ತಲೆಗೆ ಸೀಗೆ, ಬಟ್ಟೆಗೆ ಅಂಟುವಾಳ, ಊಟಕ್ಕೆ ಮುತ್ತುಗದ ಎಲೆ, ಬಡಿಸಲು ಅಡಕೆಯ ಹಾಳೆ. ಮಲೆನಾಡಿನ ಮನೆಯಿಂದ ಹೊರಗೆಸೆಯುವಂಥ ವಸ್ತು ಬಹಳವೇನೂ ಉಳಿಯುತ್ತಿರಲಿಲ್ಲ. ಆ ಕೊರತೆಯಿಂದ ಪಾರಾಗಲೆಂದೇ ಹಿರಿಯರು ದುಡಿದರು, ಮಕ್ಕಳನ್ನು ಓದಿಸಿದರು, ಪೇಟೆಯಲ್ಲಿ ಮನೆ ಕಟ್ಟಿದರು. ಈಗ ಮೊಮ್ಮಗಳು ಹೊಸ ಬಟ್ಟೆ ಬೇಡವೆಂದರೆ ಅವರಿಗೆ ನೋವಾಗುವುದು ಸಹಜ. ತಾವು ಬಿಟ್ಟು ಓಡಿಬಂದ ಕಡೆಗೇ ಆಕೆ ಮರಳುತ್ತಿದ್ದಾಳೆಂದು ಅವರಿಗೆ ತೋರುತ್ತದೆ. ಆದರೆ ಇಲ್ಲದೆ ಬಿಡುವುದು ಬೇರೆ, ಇದ್ದೂ ಬಿಡುವುದು ಬೇರೆ. ಮೊದಲನೆಯದು ಹಣೆಬರಹ, ಎರಡನೆಯದು ಆಯ್ಕೆ. ಈ ಭೇದವನ್ನು ಹಿರಿಯರು ಅರಿತರೆ ಮನೆಯ ಜಗಳ ಅರ್ಧಕ್ಕೆ ಇಳಿದೀತು.

ಕಿರಿಯರೂ ಅರಿಯಬೇಕಾದ ಸಂಗತಿಯೊಂದುಂಟು. ಹಿಂದಿನ ಮಿತವ್ಯಯವನ್ನು ಹೊಗಳುವಾಗ ಅದರ ಭಾರವನ್ನು ಹೊತ್ತವರು ಯಾರೆಂಬುದನ್ನು ಮರೆಯಲಾಗದು. ಸೀಗೆ ಕುಟ್ಟಿದ ಕೈ, ಕೌದಿ ಹೊಲಿದ ಕೈ, ಹೊಳೆಯಿಂದ ಕೊಡ ಹೊತ್ತ ಸೊಂಟ, ಹೊಗೆಯೊಲೆಯ ಮುಂದೆ ಕೆಂಪಾದ ಕಣ್ಣು, ಇವೆಲ್ಲ ಹೆಂಗಸರವು. ಬಟ್ಟೆಯೊಗೆಯುವ ಯಂತ್ರ ವಿದ್ಯುತ್ತನ್ನು ತಿನ್ನುತ್ತದೆಂದು ಮಗ ಉಪನ್ಯಾಸ ಮಾಡಿ ಬಟ್ಟೆಯ ರಾಶಿಯನ್ನು ತಾಯಿಯ ಕೈಗೆ ಕೊಟ್ಟರೆ ಅದು ಮಿತವ್ಯಯವಾಗದು. ತನ್ನ ಖರ್ಚನ್ನು ಬೇರೊಬ್ಬರ ಲೆಕ್ಕಕ್ಕೆ ಬರೆದಂತಾಗುತ್ತದೆ. ತನ್ನ ತಟ್ಟೆ ತಾನೇ ತೊಳೆದು, ತನ್ನ ಬಟ್ಟೆ ತಾನೇ ಒಗೆದು, ಮನೆಯ ಹಸಿಕಸವನ್ನು ತಾನೇ ಗೊಬ್ಬರದ ಗುಂಡಿಗೆ ಹಾಕುವ ಹುಡುಗನ ಮಾತಿಗೆ ಮಾತ್ರ ತೂಕವಿರುತ್ತದೆ.

ಇನ್ನು “ನಿನ್ನೊಬ್ಬಳಿಂದ ಏನಾದೀತು” ಎಂಬ ಪ್ರಶ್ನೆ. ಇದಕ್ಕೆ ಆವೇಶದ ಉತ್ತರಕ್ಕಿಂತ ಲೆಕ್ಕದ ಉತ್ತರ ಮೇಲು. ಕ್ಷಣಕ್ಕೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನವೊಂದಕ್ಕೆ ಸುಮಾರು ೨೦ ಲೀಟರ್ ನೀರನ್ನು ಹಾಳುಮಾಡುತ್ತದೆ. ನಗರದ ಮನುಷ್ಯನೊಬ್ಬನಿಗೆ ದಿನಕ್ಕೆ ೧೩೫ ಲೀಟರ್ ಬೇಕೆಂಬುದು ನಮ್ಮ ದೇಶದಲ್ಲಿ ಒಪ್ಪಿರುವ ಪ್ರಮಾಣ. ಎಂದರೆ ಏಳು ಕೆಟ್ಟ ನಲ್ಲಿಗಳು ಸೇರಿ ಒಬ್ಬ ಮನುಷ್ಯನ ಪಾಲನ್ನು ಕುಡಿಯುತ್ತವೆ. ೬೦ ವಾಟಿನ ಹಳೆಯ ದೀಪವನ್ನು ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು ೧೧೦ ಯೂನಿಟ್. ಅಷ್ಟೇ ಬೆಳಕು ಕೊಡುವ ೯ ವಾಟಿನ ಎಲ್‌ಇಡಿ ದೀಪಕ್ಕೆ ೧೭ ಯೂನಿಟ್ ಸಾಕು. ಹತ್ತಿಯ ಒಂದು ಅಂಗಿ ಬೆಳೆಯಿಂದ ಅಂಗಡಿಯವರೆಗೆ ಬರುವಷ್ಟರಲ್ಲಿ ಸುಮಾರು ೨೭೦೦ ಲೀಟರ್ ನೀರು ವೆಚ್ಚವಾಗುತ್ತದೆಂದು ತಜ್ಞರ ಅಂದಾಜು. ಇವು ಸಣ್ಣ ಸಂಖ್ಯೆಗಳೇ ಅಹುದು. ಆದರೆ ಅವುಗಳ ಬೆಲೆ ಅವು ಉಳಿಸುವ ನೀರು, ವಿದ್ಯುತ್ತುಗಳಿಗಷ್ಟೇ ಸೀಮಿತವಾಗಿಲ್ಲ. ಈ ವಸ್ತು ಎಲ್ಲಿಂದ ಬಂತು, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ, ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಅವು ಕಲಿಸುತ್ತವೆ. ಈ ಎರಡು ಪ್ರಶ್ನೆಗಳಿಗೆ ಶಿವಮೊಗ್ಗ ಜಿಲ್ಲೆಯಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ನೆಲ ನಾಡಿನಲ್ಲಿ ವಿರಳ.

ಬೆಳಕು ಎಲ್ಲಿಂದ ಬಂತು? ಬಹುಕಾಲ ಕನ್ನಡ ನಾಡಿನ ದೀಪಗಳನ್ನು ಬೆಳಗಿಸಿದವಳು ಶರಾವತಿ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಸುಮಾರು ೩೦೦ ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ನೀರು ಹರಡಿತು. ಕೆಳಗಿನ ವಿದ್ಯುದಾಗಾರ ೧೦೩೫ ಮೆಗಾವಾಟಿನ ಸಾಮರ್ಥ್ಯಕ್ಕೆ ಬೆಳೆಯಿತು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ದೇವಸ್ಥಾನ, ಮನೆಗಳು ನೀರಿನಡಿಗೆ ಹೋದವು. ಆ ಸಂಕಟವನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಅದನ್ನು ನಮ್ಮ ಸಾಹಿತ್ಯದ ನೆನಪಾಗಿಸಿದರು. ೨೦೨೫ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯ ಜನ ದಡ ಸೇರಲು ಆರು ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ಅವರಿಗೆ ಸೇತುವೆ ದೊರೆತದ್ದು ೨೦೨೫ರ ಜುಲೈಯಲ್ಲಿ. ಭೂಮಿಯ ಹಕ್ಕಿಗಾಗಿ ಇನ್ನೂ ಕಾಯುತ್ತಿರುವ ಸಂತ್ರಸ್ತರಿದ್ದಾರೆ. ವಿದ್ಯುತ್ತು ಬೇಡವಾಗಿತ್ತೆಂದು ಯಾರೂ ಹೇಳುವುದಿಲ್ಲ. ಆದರೆ ಬರಿಯ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸುವ ಹುಡುಗಿ ಆ ಋಣವನ್ನು ಅರಿತವಳು. ಅದನ್ನು ಕಂಡು ನಗುವವನು ಅರಿಯದವನು.

ಕಬ್ಬಿಣ, ಕಾಗದಗಳು ಎಲ್ಲಿಂದ ಬಂದುವು? ಹದಿನೆಂಟು ಕಿಲೋಮೀಟರಿನಾಚೆಯ ಭದ್ರಾವತಿ ಅದಕ್ಕೆ ಉತ್ತರ. ಅಲ್ಲಿನ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸ ಆರಂಭಿಸಿತು. ಕಲ್ಲಿದ್ದಲಿಲ್ಲದ ಸಂಸ್ಥಾನದಲ್ಲಿ ಅದಿರನ್ನು ಕರಗಿಸಲು ಮಲೆನಾಡಿನ ಕಾಡಿನ ಸೌದೆಯನ್ನು ಸುಟ್ಟು ಇದ್ದಿಲು ಮಾಡಬೇಕಾಯಿತು. ಆ ಕಾರ್ಖಾನೆಯೂ ತನ್ನ ಮಟ್ಟಿಗೆ ಮಿತವ್ಯಯವನ್ನು ಬಲ್ಲುದಾಗಿತ್ತು: ಸೌದೆ ಇದ್ದಿಲಾಗುವಾಗ ಏಳುವ ಹೊಗೆಯನ್ನು ಬಿಡದೆ ಅದರಿಂದಲೂ ಬೆಲೆಬಾಳುವ ದ್ರವ್ಯಗಳನ್ನು ಭಟ್ಟಿಯಿಳಿಸಿಕೊಳ್ಳುತ್ತಿದ್ದರು. ೧೯೩೬ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ ಬಿದಿರನ್ನು ನಂಬಿ ಹುಟ್ಟಿತು. ಬಿದಿರು ಸಾಲದಾದಾಗ ನೀಲಗಿರಿ, ಅಕೇಶಿಯಾಗಳ ತೋಪುಗಳು ಕಾಡಿನ ಜಾಗಕ್ಕೆ ಬಂದವು. ನಮ್ಮ ದಿನಪತ್ರಿಕೆಗಳೂ ಆ ಕಾಗದದ ಋಣಿಗಳೇ. ಅದಕ್ಕಾಗಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು ೧೯೮೦ರಲ್ಲಿ ನಲವತ್ತು ವರ್ಷಗಳ ಗೇಣಿಗೆ ಕೊಡಲಾಯಿತು. ಕಾರ್ಖಾನೆ ನಿಂತುಹೋಗಿದ್ದರೂ ೨೦೨೦ರಲ್ಲಿ ಆ ಗೇಣಿಯನ್ನು ಮುಂದುವರಿಸಿದಾಗ ಜಿಲ್ಲೆಯ ಜನ ಪ್ರತಿಭಟಿಸಿದರು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ೨೦೨೩ರ ಜನವರಿಯಲ್ಲಿ ಹೊರಬಿದ್ದಾಗ ಅದರ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಸಾವಿರಾರು ಸಂಸಾರಗಳು ಈ ಕಾರ್ಖಾನೆಗಳ ಅನ್ನವನ್ನುಂಡಿವೆ; ಅವನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಕಾಡೂ ಹೋಯಿತು, ಕೆಲಸವೂ ಹೋಯಿತು ಎಂಬಂಥ ಬಾಳುವೆ ಬಾಳುವೆಯೇ ಎಂದು ಅಲ್ಲಿನ ಹದಿನಾರರ ಮಗ ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ದುಡಿಮೆಯೂ ಉಳಿಯಬೇಕು, ದುಡಿಮೆಯ ಮೂಲವೂ ಉಳಿಯಬೇಕು ಎಂಬುದೇ ಸುಸ್ಥಿರವೆಂಬ ಮಾತಿನ ಸಾರ.

ಎರಡನೆಯ ಪ್ರಶ್ನೆ, ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು ಎಂಬುದು ನಾಡಿನ ಹಳೆಯ ನುಡಿ. ಶಿವಮೊಗ್ಗ ಇಂದಿಗೂ ತುಂಗೆಯನ್ನೇ ಕುಡಿಯುತ್ತದೆ. ತನ್ನ ಚರಂಡಿಯ ನೀರಿನಲ್ಲಿ ಒಂದು ಪಾಲನ್ನು ಅದೇ ತುಂಗೆಗೆ ಬಿಡುತ್ತದೆ. ಮುಂದೆ ಕೂಡ್ಲಿಯಲ್ಲಿ ಭದ್ರೆ ಬಂದು ಸೇರುತ್ತಾಳೆ. ಅಲ್ಲಿಂದ ಕೆಳಗೆ ಹರಿಹರದವರೂ ಹೊಸಪೇಟೆಯವರೂ ನಾವು ಬಿಟ್ಟದ್ದನ್ನು ಪಡೆಯುತ್ತಾರೆ. ೨೦೨೪ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ನದಿಯ ಗುಂಟ ಪಾದಯಾತ್ರೆ ಹೊರಟದ್ದು ಈ ಸಂಬಂಧವನ್ನು ಜನರಿಗೆ ನೆನಪಿಸುವುದಕ್ಕಾಗಿಯೇ. ವಿನೋಬನಗರದ ಮನೆಯಲ್ಲಿ ಸಾಬೂನಿನ ಪುಡಿಯನ್ನು ಅಳೆದು ಹಾಕುವ ಹುಡುಗ ತಾನು ಕಂಡರಿಯದ ಯಾರದೋ ಕೊಡದ ನೀರನ್ನು ಕಾಯುತ್ತಿದ್ದಾನೆ. ನೆರೆಹೊರೆಯೆಂಬ ಮಾತಿಗೆ ಇದಕ್ಕಿಂತ ದೊಡ್ಡ ಅರ್ಥವಿರಲಾರದು.

ಈ ಕಿರಿಯರಲ್ಲಿ ಅನೇಕರು ದ್ವಿತೀಯ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಅವರ ವ್ರತಕ್ಕೆ ನಿಜವಾದ ಪರೀಕ್ಷೆ. ಊರಿನಲ್ಲಿ ನದಿ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಕಾಣುವುದು ನಲ್ಲಿ ಮಾತ್ರ. ಆ ನಲ್ಲಿಗೆ ಬರುವ ಕಾವೇರಿಯನ್ನು ಸುಮಾರು ೧೦೦ ಕಿಲೋಮೀಟರ್ ದೂರದಿಂದ, ಸುಮಾರು ೫೦೦ ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಎತ್ತಿ ತರಲಾಗುತ್ತದೆ. ೨೦೧೯ರಲ್ಲಿ ಆ ಮಹಾನಗರಕ್ಕೆ ಶರಾವತಿಯ ನೀರನ್ನೂ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಒಕ್ಕೊರಲಿನಿಂದ ಪ್ರತಿಭಟಿಸಿತು. ಜುಲೈ ೧೦ರಂದು ಬಂದ್ ನಡೆಯಿತು. ಆ ದಿನ ಘೋಷಣೆ ಕೂಗಿದ ಹುಡುಗ ಮುಂದೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ನಲ್ಲಿ ತಿರುಗಿಸುವಾಗ ತಾನೂ ಆ ದೊಡ್ಡ ಬಾಯಾರಿಕೆಯ ಭಾಗವಾದೆನೆಂಬುದನ್ನು ಮರೆಯಬಾರದು. ೨೦೨೪ರ ಮಾರ್ಚಿಯಲ್ಲಿ ಅಲ್ಲಿ ನೀರಿನ ಅಭಾವ ತಲೆದೋರಿ, ಕುಡಿಯುವ ನೀರಿನಿಂದ ಕಾರು ತೊಳೆಯುವವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಲಿ ಸಾರಬೇಕಾಯಿತು. ಕಸದ ಕತೆಯೂ ಅಷ್ಟೇ. ನಗರದ ಕಸವನ್ನು ವರ್ಷಗಟ್ಟಲೆ ಮಂಡೂರಿನಂಥ ಹಳ್ಳಿಗಳ ಮೇಲೆ ಸುರಿಯಲಾಯಿತು. ಹಳ್ಳಿಯವರು ತಿರುಗಿಬಿದ್ದ ಮೇಲೆ, ೨೦೧೪ರ ಕೊನೆಗೆ, ಅಲ್ಲಿ ಸುರಿಯುವುದು ನಿಂತಿತು. ೨೦೧೫ರ ಡಿಸೆಂಬರಿನಲ್ಲಿ ಹೈಕೋರ್ಟು ಮನೆಮನೆಯಲ್ಲಿಯೂ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು. ದೊಡ್ಡ ನಗರವೆಂದರೆ ತನ್ನ ವೆಚ್ಚವನ್ನು ದೂರದವರ ಮೇಲೆ ಹೊರಿಸಬಲ್ಲ ನಗರ. ಅಲ್ಲಿ ಹಿತಮಿತವಾಗಿ ಬಾಳುವುದು ಆ ದೂರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಳುವುದು.

ಇಷ್ಟಾದರೂ, ಎಲ್ಲ ಭಾರವನ್ನೂ ಎಳೆಯ ಹೆಗಲುಗಳ ಮೇಲೆ ಹಾಕುವುದನ್ನು ನಾವು ಒಪ್ಪಲಾರೆವು. ಪ್ರತಿ ಮನುಷ್ಯನೂ ತನ್ನ ‘ಇಂಗಾಲದ ಹೆಜ್ಜೆಗುರುತ’ನ್ನು ಲೆಕ್ಕ ಹಾಕಿಕೊಳ್ಳಬೇಕೆಂಬ ಮಾತನ್ನು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಲೋಕದಲ್ಲೆಲ್ಲ ಹಬ್ಬಿಸಿದವರಲ್ಲಿ ಬ್ರಿಟನ್ನಿನ ಬೃಹತ್ ಎಣ್ಣೆ ಕಂಪನಿಯಾದ ಬಿ.ಪಿ. ಮುಖ್ಯವಾದುದೆಂಬುದು ಯೋಚಿಸತಕ್ಕ ಸಂಗತಿ. ಎಣ್ಣೆ ಮಾರುವವನೇ ಕೊಳ್ಳುವವನಿಗೆ ಪಾಪಭೀತಿಯನ್ನು ಬೋಧಿಸುವುದರಲ್ಲಿ ಒಂದು ಜಾಣತನವುಂಟು. ತಪ್ಪು ಎಲ್ಲರದೂ ಆದರೆ ಯಾರದೂ ಆಗುವುದಿಲ್ಲ. ೨೦೧೮ರ ಆಗಸ್ಟಿನಲ್ಲಿ ಸ್ವೀಡನ್ನಿನ ಸಂಸತ್ತಿನ ಮುಂದೆ ಒಬ್ಬಳೇ ಕುಳಿತ ಹದಿನೈದರ ಗ್ರೇಟಾ ಥನ್‌ಬರ್ಗ್ ಕೇಳಿದ್ದು ಇದನ್ನೇ. ತನ್ನ ಬಾಳನ್ನು ತಿದ್ದಿಕೊಂಡದ್ದು ಸಾಲದು, ಆಳುವವರು ಏನು ಮಾಡುತ್ತಿದ್ದೀರಿ ಎಂಬುದು ಅವಳ ಪ್ರಶ್ನೆ. ನಮ್ಮ ಕಿರಿಯರಿಗೂ ಆ ಪ್ರಶ್ನೆಯ ಹಕ್ಕಿದೆ. ನದಿ, ಕಾಡು, ಕೆರೆಗಳನ್ನು ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯವೆಂದು ಸಂವಿಧಾನದ ೫೧ಎ ವಿಧಿ ೧೯೭೬ರಿಂದ ಹೇಳುತ್ತಿದೆ. ಕರ್ತವ್ಯವನ್ನು ವಿಧಿಸಿದವರು ಅದನ್ನು ನಡೆಸಲು ಬೇಕಾದ ಅನುಕೂಲವನ್ನೂ ಕಲ್ಪಿಸಬೇಡವೆ?

ಆ ಅನುಕೂಲ ಯಾವುದೆಂದು ವಿನೋಬನಗರದಿಂದಲೇ ನೋಡಬಹುದು. ಸೈಕಲ್ ತುಳಿಯುವ ಹುಡುಗಿಗೆ ಹೆದರದೆ ಹೋಗುವ ದಾರಿ ಬೇಕು. ನಡೆಯುವವನಿಗೆ ವಾಹನ ನಿಲ್ಲಿಸದ, ಅಂಗಡಿ ಚಾಚದ, ಮರದ ನೆರಳಿರುವ ಕಾಲುದಾರಿ ಬೇಕು. ಮನೆಯಲ್ಲಿ ಹಸಿ, ಒಣ ಎಂದು ಬೇರ್ಪಡಿಸಿ ಕೊಟ್ಟ ಕಸ ಬಂಡಿಯಲ್ಲಿ ಒಂದಾಗಬಾರದು. ಒಮ್ಮೆ ಹಾಗಾದುದನ್ನು ಕಂಡ ಮಗು ಮತ್ತೆ ಬೇರ್ಪಡಿಸಲಾರದು, ನಮ್ಮನ್ನು ನಂಬಲೂ ಆರದು. ಆ ಕಸವನ್ನು ಮುಟ್ಟುವ ಪೌರಕಾರ್ಮಿಕರಿಗೆ ಕೈಗವಸೂ ಗೌರವವೂ ದೊರೆಯಬೇಕು. ಕರ್ನಾಟಕ ಸರ್ಕಾರ ೨೦೧೬ರಲ್ಲಿಯೂ ಕೇಂದ್ರ ಸರ್ಕಾರ ೨೦೨೨ರ ಜುಲೈ ೧ರಿಂದಲೂ ನಿಷೇಧಿಸಿದ ಪ್ಲಾಸ್ಟಿಕ್ಕು ಅಂಗಡಿಯಲ್ಲಿ ಬಹಿರಂಗವಾಗಿ ದೊರೆಯುತ್ತಿದ್ದರೆ, ಬೇಡವೆನ್ನುವ ಹೊಣೆಯನ್ನು ಗಿರಾಕಿಯ ಮಗಳ ಮೇಲೆ ಹಾಕಿ ಅಧಿಕಾರ ಕಣ್ಣು ಮುಚ್ಚಿಕೊಂಡಂತಾಗುತ್ತದೆ. ಚಪ್ಪಲಿ ಹೊಲಿಯುವವನಿಗೆ, ಕೊಡೆ ಸರಿಮಾಡುವವನಿಗೆ, ಮಿಕ್ಸಿ ರಿಪೇರಿ ಮಾಡುವವನಿಗೆ ಪೇಟೆಯಲ್ಲಿ ಕೂರಲು ಒಂದು ನೆಲೆ ಬೇಕು. ವಸ್ತುಗಳ ಆಯುಸ್ಸನ್ನು ಬೆಳೆಸುವವರು ಅವರು. ೨೦೧೬ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಊರಿಗೆ ಇವೆಲ್ಲ ಅಸಾಧ್ಯವಾದ ಬೇಡಿಕೆಗಳೆಂದು ಯಾರೂ ಹೇಳಲಾರರು.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ೧೯೯೧ರಲ್ಲಿ ಸುಪ್ರೀಂ ಕೋರ್ಟು ಪರಿಸರದ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದಿತು. ಪಾಠ ಬಂತು, ಪರೀಕ್ಷೆಯೂ ಬಂತು. ಜೂನ್ ೫ರಂದು ಸಸಿ ನೆಟ್ಟು ಭಾವಚಿತ್ರ ತೆಗೆಸುವ ವಾಡಿಕೆಯೂ ಬಂತು. ಹೋದ ವರ್ಷದ ಸಸಿಗಳಲ್ಲಿ ಬದುಕಿದವು ಎಷ್ಟು ಎಂದು ಎಣಿಸಲು ಮಕ್ಕಳನ್ನು ಕಳುಹಿಸುವ ಶಾಲೆಗಳು ಮಾತ್ರ ಕಡಿಮೆ. ಘೋಷಣೆ ಬರೆಸುವುದಕ್ಕೆ ಬದಲಾಗಿ ಎಣಿಸಲು ಕಲಿಸಬೇಕು. ಶಾಲೆಯಲ್ಲಿ ಸೋರುವ ನಲ್ಲಿಗಳೆಷ್ಟು? ಬಿಸಿಯೂಟದಲ್ಲಿ ಚೆಲ್ಲುವ ಅನ್ನವೆಷ್ಟು? ಶಾಲೆಯ ಚರಂಡಿ ಹೋಗಿ ಸೇರುವುದೆಲ್ಲಿ? ಈ ಲೆಕ್ಕಗಳನ್ನು ಬರೆದ ಹುಡುಗರು ನಾಳೆ ನಗರಸಭೆಯ ಆಯವ್ಯಯವನ್ನೂ ಓದಬಲ್ಲರು.

ಕೊನೆಗೆ ಉಳಿದದ್ದು “ಮೊದಲು ಓದಿಕೋ” ಎಂಬ ತೀರ್ಪು. ಎಳೆಯರ ಹುರುಪಿನಲ್ಲಿ ಅತಿರೇಕವಿರಬಹುದು, ತುಸು ಪ್ರದರ್ಶನವೂ ಇರಬಹುದು. ಹೊಸ ಬಿದಿರಿನ ಕುಂಚವನ್ನೂ ಹೊಸ ಉಕ್ಕಿನ ಶೀಷೆಯನ್ನೂ ಕೊಂಡು, ಮನೆಯಲ್ಲಿದ್ದುದನ್ನು ಎಸೆದು, ಪರಿಸರಪ್ರೇಮಿಗಳಾದೆವೆಂದು ತಿಳಿಯುವವರೂ ಇದ್ದಾರೆ. ಅಂಥವರನ್ನು ಮೆಲ್ಲನೆ ತಿದ್ದಬಹುದು. ಆದರೆ ಎಷ್ಟು ಬೇಕು, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳುವುದು ಓದಿಗೆ ಅಡ್ಡಿಯಲ್ಲ; ಓದೆಂದರೆ ಅದೇ. ಭೂಗೋಳ, ಚರಿತ್ರೆ, ಗಣಿತ, ಕನ್ನಡ ಪಾಠಗಳೆಲ್ಲ ಆ ಮೂರು ಪ್ರಶ್ನೆಗಳಲ್ಲಿ ಕೂಡುತ್ತವೆ. ನಮ್ಮ ಮನೆಯ ಮಕ್ಕಳು ಅವನ್ನು ಕೇಳಿದಾಗ ನಕ್ಕು ಸುಮ್ಮನಾಗಿಸದೆ, ಅವರ ಜೊತೆಗೂಡಿ ಅದೇ ಪ್ರಶ್ನೆಗಳನ್ನು ನಗರಸಭೆಯ ಬಾಗಿಲಿಗೂ ಸರ್ಕಾರದ ಬಾಗಿಲಿಗೂ ಒಯ್ಯುವುದು ಹಿರಿಯರಾದ ನಮಗೆ ಉಳಿದಿರುವ ಕೆಲಸ.